ಎರಡು ಮುಳ್ಳುಗಳೂ ಒಟ್ಟಿಗೆ ತಪ್ಪಿದಾಗ: ಹಳೆಯ ಕಾರಿನ ಮೀಟರ್ ಸ್ಟೆಬಿಲೈಸರ್

ಹಳೆಯ ಬ್ರಿಟಿಷ್ ಕಾರನ್ನು ಮೊದಲ ಸಲ ಕೈಗೆತ್ತಿಕೊಂಡವರು ನನ್ನಲ್ಲಿ ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: "ಟ್ಯಾಂಕ್ ತುಂಬಿಸಿದರೂ ಪೆಟ್ರೋಲ್ ಮುಳ್ಳು ಮುಕ್ಕಾಲು ದಾಟುವುದಿಲ್ಲ. ಎಂಜಿನ್ ಚೆನ್ನಾಗಿ ಕಾದಿದ್ದರೂ ಟೆಂಪರೇಚರ್ ಮುಳ್ಳು ಕೆಳಗೇ ಇದೆ. ಎರಡು ಮೀಟರನ್ನೂ ಬದಲಾಯಿಸಬೇಕೆ?" ಬೇಡ. ಎರಡು ಮೀಟರುಗಳು ಒಂದೇ ದಿನ, ಒಂದೇ ದಿಕ್ಕಿಗೆ ಕೆಡುವುದು ತೀರಾ ಅಪರೂಪ. ಅವೆರಡಕ್ಕೂ ಕರೆಂಟ್ ಕೊಡುವ, ಬೆಂಕಿಪೊಟ್ಟಣಕ್ಕಿಂತ ತುಸು ಚಿಕ್ಕದಾದ ತಗಡಿನ ಡಬ್ಬಿಯೊಂದು ಡ್ಯಾಶ್‌ಬೋರ್ಡಿನ ಹಿಂದೆ ಕೂತಿರುತ್ತದೆ. ಅದೇ ವೋಲ್ಟೇಜ್ ಸ್ಟೆಬಿಲೈಸರ್. ಮೊದಲು ನೋಡಬೇಕಾದದ್ದು ಅದನ್ನು.

ಪಾಠಕ್ಕೆ ಒಂದು ಕಾರು ಕಣ್ಣಮುಂದೆ ಇರಲಿ ಎಂದು ಎಂ.ಜಿ.ಬಿ.ಯನ್ನು ಆರಿಸಿಕೊಳ್ಳುತ್ತೇನೆ. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಕಾರು ಅದು. ಮೀಟರುಗಳು ಸ್ಮಿತ್ಸ್ ಕಂಪನಿಯವು, ವೈರಿಂಗ್ ಲ್ಯೂಕಾಸ್ ಪದ್ಧತಿಯದು. ಅದೇ ಕಾಲದ ಮಿನಿ, ಟ್ರಯಂಫ್ ಕಾರುಗಳಲ್ಲೂ ಇದೇ ಏರ್ಪಾಡು ಸಿಗುತ್ತದೆ. ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಟ್ರಯಂಫ್ ಹೆರಾಲ್ಡ್‌ನ ಭಾರತೀಯ ರೂಪ. ನಮ್ಮ ಅಂಬಾಸಿಡರ್ ಮಾರಿಸ್ ಆಕ್ಸ್‌ಫರ್ಡ್ ವಂಶದ್ದು. ಆದರೆ ಈ ಕಾರುಗಳಿಗೆ ವರ್ಷಗಳು ಕಳೆದಂತೆ ಬೇರೆ ಬೇರೆ ಮೀಟರುಗಳು ಬಂದಿವೆ. ಆದ್ದರಿಂದ ನಿಮ್ಮ ಕಾರಿನಲ್ಲಿ ಸ್ಟೆಬಿಲೈಸರ್ ಇದೆಯೇ ಎಂಬುದನ್ನು ಪುಸ್ತಕ ನೋಡಿ ಅಲ್ಲ, ಮುಳ್ಳು ನೋಡಿ ತಿಳಿಯಬೇಕು.

ಇಗ್ನಿಷನ್ ಕೀಲಿ ತಿರುಗಿಸಿ ಪೆಟ್ರೋಲ್ ಮುಳ್ಳನ್ನೇ ಗಮನಿಸಿ. ಮುಳ್ಳು ಥಟ್ಟನೆ ಜಿಗಿದು, ಕಾರು ತಿರುವಿನಲ್ಲಿ ವಾಲಿದಾಗಲೆಲ್ಲ ಅತ್ತಿತ್ತ ಓಲಾಡಿದರೆ ಅದು ಅಯಸ್ಕಾಂತದ ಸುರುಳಿಗಳಿಂದ ನಡೆಯುವ ಹಳೆಯ ಬಗೆ. ಎಂ.ಜಿ.ಬಿ.ಯ ಮೊದಲ ವರ್ಷಗಳಲ್ಲಿ ಇದ್ದದ್ದು ಅದೇ. ಅದಕ್ಕೆ ಸ್ಟೆಬಿಲೈಸರ್ ಬೇಕಿಲ್ಲ, ಹಾಕಲೂಬಾರದು. ಮುಳ್ಳು ನಿಧಾನವಾಗಿ, ಅರ್ಧ ನಿಮಿಷವೋ ಇನ್ನೂ ಹೆಚ್ಚೋ ತೆಗೆದುಕೊಂಡು ಏರಿ ಒಂದೆಡೆ ನಿಂತರೆ ಅದು ಬಿಸಿಯಿಂದ ನಡೆಯುವ ಮೀಟರ್. ಈ ಪಾಠ ಆ ಮೀಟರಿಗೆ ಸೇರಿದ್ದು. ಟೆಂಪರೇಚರ್ ಮೀಟರಿನ ಬೆನ್ನಿಗೂ ಒಮ್ಮೆ ಟಾರ್ಚ್ ಹಾಯಿಸಿ. ಅಲ್ಲಿಂದ ವೈರಿನ ಬದಲು ತೆಳುವಾದ ಲೋಹದ ನಳಿಗೆ ಎಂಜಿನ್ ಕಡೆಗೆ ಹೋಗಿದ್ದರೆ ಅದಕ್ಕೂ ಕರೆಂಟಿಗೂ ಸಂಬಂಧವಿಲ್ಲ. ಆಗ ಸ್ಟೆಬಿಲೈಸರ್‌ನ ಮೇಲಿರುವುದು ಪೆಟ್ರೋಲ್ ಮೀಟರ್ ಒಂದೇ.

ಬಿಸಿಯಿಂದ ಮುಳ್ಳು ಹೇಗೆ ಓಡಾಡುತ್ತದೆ ಎಂಬುದು ಒಮ್ಮೆ ಮನಸ್ಸಿಗೆ ಇಳಿದರೆ ಮುಂದಿನ ಕೆಲಸ ಸಲೀಸು. ಎರಡು ಬೇರೆ ಲೋಹಗಳನ್ನು ಬೆನ್ನಿಗೆ ಬೆನ್ನು ಬೆಸೆದ ಒಂದು ಪಟ್ಟಿ. ಬಿಸಿಯಾದಾಗ ಒಂದು ಲೋಹ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಹಾಗಾಗಿ ಪಟ್ಟಿ ಬಾಗುತ್ತದೆ. ಇದು ಬೈಮೆಟಲ್ ಪಟ್ಟಿ. ಅದರ ಸುತ್ತ ತೆಳು ತಂತಿ ಸುತ್ತಿ ಕರೆಂಟ್ ಹಾಯಿಸಿದರೆ ತಂತಿ ಕಾಯುತ್ತದೆ, ಪಟ್ಟಿ ಬಾಗುತ್ತದೆ, ಅದಕ್ಕೆ ಕೊಂಡಿ ಹಾಕಿದ ಮುಳ್ಳು ಸರಿಯುತ್ತದೆ. ಕರೆಂಟ್ ಎಷ್ಟು ಎಂಬುದನ್ನು ನಿರ್ಧರಿಸುವುದು ಪೆಟ್ರೋಲ್ ಟ್ಯಾಂಕಿನಲ್ಲಿ ತೇಲುವ ಫ್ಲೋಟ್. ಟ್ಯಾಂಕ್ ತುಂಬಿದಾಗ ಫ್ಲೋಟಿಗೆ ಕೂಡಿದ ರೆಸಿಸ್ಟರಿನ ರೋಧ ಕೆಲವು ಹತ್ತು ಓಮ್‌ಗಳಿಗೆ ಇಳಿಯುತ್ತದೆ, ಖಾಲಿಯಾದಾಗ ಇನ್ನೂರು ಓಮ್ ದಾಟುತ್ತದೆ. ರೋಧ ಕಡಿಮೆಯಾದರೆ ಕರೆಂಟ್ ಜಾಸ್ತಿ, ಮುಳ್ಳು ಮೇಲೆ. ಎಂಜಿನ್ನಿನಲ್ಲಿ ಕೂತ ಟೆಂಪರೇಚರ್ ಸೆನ್ಸರ್ ಕೂಡ ಹಾಗೆಯೇ, ನೀರು ಕಾದಷ್ಟೂ ಅದರ ರೋಧ ತಗ್ಗುತ್ತದೆ.

ತೊಡಕು ಇರುವುದು ಬ್ಯಾಟರಿಯಲ್ಲಿ. ಎಂಜಿನ್ ನಿಂತಿದ್ದಾಗ ಅದು 12 ವೋಲ್ಟಿನ ಆಸುಪಾಸು; ಹೆದ್ದಾರಿಯಲ್ಲಿ ಓಡುವಾಗ ಡೈನಮೋ ಅಥವಾ ಆಲ್ಟರ್ನೇಟರ್ ಅದನ್ನು 14ಕ್ಕೆ ಏರಿಸುತ್ತದೆ. ಎರಡು ವೋಲ್ಟಿನ ವ್ಯತ್ಯಾಸ ತಾನೇ ಎನ್ನಬೇಡಿ. ತಂತಿಯಲ್ಲಿ ಹುಟ್ಟುವ ಬಿಸಿ ವೋಲ್ಟೇಜಿನ ವರ್ಗವನ್ನು ಅನುಸರಿಸುತ್ತದೆ. 10 ವೋಲ್ಟಿಗೆ ಹುಟ್ಟುವ ಬಿಸಿಯನ್ನು 1 ಎಂದಿಟ್ಟುಕೊಂಡರೆ 12 ವೋಲ್ಟಿಗೆ ಅದು 1.44, 14 ವೋಲ್ಟಿಗೆ 1.96. ಟ್ಯಾಂಕಿನಲ್ಲಿ ಇರುವುದು ಅಷ್ಟೇ ಪೆಟ್ರೋಲ್, ಆದರೆ ಹೆಡ್‌ಲೈಟ್ ಹಾಕಿ ನಿಂತಾಗ ಒಂದು ಲೆಕ್ಕ, ಹೆದ್ದಾರಿಯಲ್ಲಿ ಇನ್ನೊಂದು ಲೆಕ್ಕ. ಇಂಥ ಮೀಟರನ್ನು ನಂಬಿ ಊರು ಮುಟ್ಟಲಾಗದು. ಅದಕ್ಕೇ ಈ ಮೀಟರುಗಳನ್ನು 10 ವೋಲ್ಟಿಗೆ ಅಳತೆ ಹಾಕಿ, ಬ್ಯಾಟರಿ ಏನೇ ಮಾಡಿದರೂ 10 ವೋಲ್ಟಿಗೆ ಸಮನಾದ ಬಿಸಿಯೇ ಸಿಗುವಂತೆ ನಡುವೆ ಸ್ಟೆಬಿಲೈಸರ್ ಇಟ್ಟರು.

ಹಳೆಯ ಸ್ಟೆಬಿಲೈಸರ್‌ನ ಒಳಗೂ ಅದೇ ಬೈಮೆಟಲ್ ಪಟ್ಟಿ, ಅದೇ ಕಾಯುವ ತಂತಿ. ಜೊತೆಗೆ ಒಂದು ಜೊತೆ ಪಾಯಿಂಟ್. ಮನೆಯ ಇಸ್ತ್ರಿ ಪೆಟ್ಟಿಗೆ ಕಾದ ಮೇಲೆ ಟಕ್ ಎಂದು ತಾನೇ ಆಫ್ ಆಗಿ, ತುಸು ತಣ್ಣಗಾದ ಮೇಲೆ ಮತ್ತೆ ಆನ್ ಆಗುತ್ತದಲ್ಲ, ಹಾಗೆ. ಪಾಯಿಂಟ್ ಕೂಡಿದ್ದಾಗ ಬ್ಯಾಟರಿಯ ಪೂರಾ ವೋಲ್ಟೇಜ್ ಮೀಟರಿಗೂ ಒಳಗಿನ ತಂತಿಗೂ ಹೋಗುತ್ತದೆ. ತಂತಿ ಕಾದು ಪಟ್ಟಿ ಬಾಗಿ ಪಾಯಿಂಟ್ ಬಿಡುತ್ತದೆ. ತಣಿದಾಗ ಮತ್ತೆ ಕೂಡುತ್ತದೆ. ಬ್ಯಾಟರಿ 12 ವೋಲ್ಟ್ ಇದ್ದಾಗ ನೂರರಲ್ಲಿ ಸುಮಾರು 69 ಪಾಲು ಹೊತ್ತು ಕೂಡಿದ್ದರೆ, 14 ವೋಲ್ಟ್ ಆದಾಗ 51 ಪಾಲು ಮಾತ್ರ. ಮೀಟರ್ ಮೊದಲೇ ನಿಧಾನಿ. ಈ ಆನ್-ಆಫ್ ಅದರ ಗಮನಕ್ಕೇ ಬರುವುದಿಲ್ಲ, ಸರಾಸರಿ ಬಿಸಿಯನ್ನಷ್ಟೇ ಅದು ತೋರಿಸುತ್ತದೆ. ಒಂದೇ ಒಂದು ಎಲೆಕ್ಟ್ರಾನಿಕ್ ಭಾಗವಿಲ್ಲದೆ ಇಷ್ಟು ಅಚ್ಚುಕಟ್ಟಾಗಿ ಲೆಕ್ಕ ತೀರಿಸಿದವರ ಬುದ್ಧಿಯನ್ನು ಎಷ್ಟು ಮೆಚ್ಚಿದರೂ ಸಾಲದು.

ಡಬ್ಬಿಯ ಮೇಲೆ ಬಿ ಮತ್ತು ಐ ಎಂಬ ಇಂಗ್ಲಿಷ್ ಅಕ್ಷರಗಳಿರುತ್ತವೆ. ಬಿ ಎಂದರೆ ಬ್ಯಾಟರಿಯಿಂದ ಬರುವ ಕಡೆ. ಅಲ್ಲಿಗೆ ಹಸಿರು ವೈರ್ ಬರುತ್ತದೆ, ಇಗ್ನಿಷನ್ ಸ್ವಿಚ್ ಮತ್ತು ಫ್ಯೂಸ್ ಎರಡನ್ನೂ ದಾಟಿ. ಐ ಎಂದರೆ ಮೀಟರುಗಳಿಗೆ ಹೋಗುವ ಕಡೆ. ಅಲ್ಲಿಂದ ತಿಳಿ ಹಸಿರು ವೈರ್. ಮೀಟರಿನಿಂದ ಟ್ಯಾಂಕಿಗೆ ಹೋಗುವುದು ಕಪ್ಪು ಗೆರೆಯ ಹಸಿರು, ಟೆಂಪರೇಚರ್ ಸೆನ್ಸರಿಗೆ ಹೋಗುವುದು ನೀಲಿ ಗೆರೆಯ ಹಸಿರು. ಐವತ್ತು ವರ್ಷದ ಧೂಳಿನಲ್ಲಿ ಹಸಿರು ಯಾವುದು, ತಿಳಿ ಹಸಿರು ಯಾವುದು ಎಂದು ಗೊತ್ತಾಗದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ. ಇನ್ನು ಮೂರನೆಯ ಸಂಪರ್ಕ ಕಣ್ಣಿಗೆ ಬೀಳುವುದೇ ಇಲ್ಲ. ಡಬ್ಬಿಯ ತಗಡೇ ಅರ್ತ್, ಅದನ್ನು ಬಾಡಿಗೆ ಬಿಗಿದ ಸ್ಕ್ರೂ ಆ ಅರ್ತಿನ ದಾರಿ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಸ್ಕ್ರೂ ಸಡಿಲವಾಗಿದ್ದರೆ ಅಥವಾ ಅದರ ಕೆಳಗೆ ತುಕ್ಕು ಹಿಡಿದಿದ್ದರೆ ಒಳಗಿನ ತಂತಿಗೆ ಕರೆಂಟ್ ಹರಿಯುವುದಿಲ್ಲ. ಅದು ಕಾಯುವುದಿಲ್ಲ, ಪಾಯಿಂಟ್ ಬಿಡುವುದೇ ಇಲ್ಲ. ಬ್ಯಾಟರಿಯ 14 ವೋಲ್ಟ್ ನೇರವಾಗಿ ಮೀಟರಿಗೆ.

ಈಗ ಲಕ್ಷಣ ಓದುವುದು ಸುಲಭ. ಎರಡು ಮುಳ್ಳುಗಳೂ ಇರಬೇಕಾದ್ದಕ್ಕಿಂತ ಮೇಲಿದ್ದರೆ ಮೊದಲು ಡಬ್ಬಿಯ ಅರ್ತ್ ನೋಡಿ, ಆಮೇಲೆ ಪಾಯಿಂಟ್ ಅಂಟಿಕೊಂಡಿದೆ ಎಂದು ಶಂಕಿಸಿ. ಎರಡೂ ಕೆಳಗಿದ್ದರೆ ಪಾಯಿಂಟ್ ಸುಟ್ಟು ಕರಿಗಟ್ಟಿರಬಹುದು, ಇಲ್ಲವೆ ಹಸಿರು ವೈರಿನಲ್ಲೇ ವೋಲ್ಟೇಜ್ ಸೋರುತ್ತಿರಬಹುದು. ಎರಡೂ ಸತ್ತಂತೆ ಬಿದ್ದಿದ್ದರೆ ಫ್ಯೂಸ್. ಎರಡೂ ಮೀಟರುಗಳು ಸ್ಟೆಬಿಲೈಸರ್‌ನ ಮೇಲಿದ್ದು ಒಂದೇ ಮುಳ್ಳು ತಪ್ಪಿದ್ದರೆ ಸ್ಟೆಬಿಲೈಸರನ್ನು ಮುಟ್ಟಬೇಡಿ. ಆ ಮೀಟರ್, ಅದರ ವೈರ್, ಅದರ ಸೆನ್ಸರ್ ಇವಿಷ್ಟರಲ್ಲೇ ದೋಷವಿದೆ.

ಪರೀಕ್ಷೆಗೆ ಡಿಜಿಟಲ್ ಮಲ್ಟಿಮೀಟರ್ ಹಿಡಿದು ಹಳೆಯ ಸ್ಟೆಬಿಲೈಸರ್‌ನ ಐ ಕಡೆ ಅಳೆಯಲು ಹೋದರೆ ಅಂಕಿಗಳು ಸೊನ್ನೆಗೂ ಹನ್ನೆರಡಕ್ಕೂ ನಡುವೆ ಕುಣಿಯುತ್ತವೆ; ಅದರಿಂದ ಏನೂ ತಿಳಿಯದು. ಇಲ್ಲಿ 12 ವೋಲ್ಟಿನ ಪುಟ್ಟ ಬಲ್ಬಿನ ಟೆಸ್ಟ್ ಲ್ಯಾಂಪೇ ಒಳ್ಳೆಯ ಸಾಧನ. ಐ ತುದಿಗೂ ಬಾಡಿಗೂ ನಡುವೆ ಅದನ್ನು ಹಿಡಿಯಿರಿ. ಇಗ್ನಿಷನ್ ಹಾಕಿದ ಕೂಡಲೇ ಬಲ್ಬ್ ಒಂದಿಷ್ಟು ಹೊತ್ತು ಸತತವಾಗಿ ಉರಿದು, ಆಮೇಲೆ ಒಂದೇ ಲಯದಲ್ಲಿ ಮಿನುಗತೊಡಗಿದರೆ ಡಬ್ಬಿ ಕೆಲಸ ಮಾಡುತ್ತಿದೆ. ಮಿನುಗದೆ ಉರಿಯುತ್ತಲೇ ಇದ್ದರೆ, ಡಬ್ಬಿಯ ತಗಡಿನಿಂದ ಬಾಡಿಗೆ ಒಂದು ತುಂಡು ವೈರ್ ತಾಗಿಸಿ. ಆಗ ಮಿನುಗಿದರೆ ರೋಗ ಅರ್ತಿನದು; ಸ್ಕ್ರೂ ಬಿಚ್ಚಿ ಉಜ್ಜಿ ಬಿಗಿದರೆ ಮುಗಿಯಿತು, ದುಡ್ಡು ಖರ್ಚಿಲ್ಲ. ಹಳೆಯ ಡಬ್ಬಿಯನ್ನು ಮೊದಲಿದ್ದಂತೆ ನೆಟ್ಟಗೇ ಕೂರಿಸಬೇಕು ಎಂಬುದು ನೆನಪಿರಲಿ. ಒಳಗಿನ ಬಿಸಿ ಮೇಲೇರುವ ದಿಕ್ಕು ಬದಲಾದರೆ ಲೆಕ್ಕವೂ ಬದಲಾಗುತ್ತದೆ.

ಸರಿಯಾಗಿ ಮಿನುಗುವ ಹಳೆಯ ಡಬ್ಬಿಯನ್ನು ಹೊಸದಕ್ಕಾಗಿ ಕಿತ್ತುಹಾಕುವುದು ನನಗೆ ಒಪ್ಪಿಗೆಯಿಲ್ಲ. ಅದು ಮಾಡುತ್ತಿರುವ ಕೆಲಸ ಮೀಟರಿಗೆ ಸಾಕು. ಕೆಟ್ಟಿದ್ದರೆ ಮಾತ್ರ ಎಲೆಕ್ಟ್ರಾನಿಕ್ ಸ್ಟೆಬಿಲೈಸರ್ ಹಾಕಿ. ಹಳೆಯ ಕಾರುಗಳ ಬಿಡಿಭಾಗ ಮಾರುವ ಅಂಗಡಿಗಳಲ್ಲಿ ಅದೇ ಆಕಾರದ ಡಬ್ಬಿಯಲ್ಲಿ ಸಿದ್ಧವಾಗಿ ಸಿಗುತ್ತದೆ. ನೀವೇ ಮಾಡಿಕೊಳ್ಳಬೇಕೆಂದರೆ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬೇಕಾದ ಎಲ್ಲವೂ ಸಿಗುತ್ತದೆ, ಒಂದು ಊಟದ ಖರ್ಚಿನಲ್ಲಿ.

ಕೊಳ್ಳುವ ಮೊದಲು ಬಾನೆಟ್ ಎತ್ತಿ, ಅಥವಾ ಎಂ.ಜಿ.ಬಿ.ಯಲ್ಲಾದರೆ ಸೀಟಿನ ಹಿಂದಿನ ಮುಚ್ಚಳ ತೆಗೆದು, ಬ್ಯಾಟರಿಯ ಯಾವ ತುದಿಯಿಂದ ದಪ್ಪ ಕೇಬಲ್ ಬಾಡಿಗೆ ಹೋಗಿದೆ ನೋಡಿ. ಇಂದಿನ ಎಲ್ಲ ಕಾರುಗಳಲ್ಲಿ ಬಾಡಿಗೆ ಹೋಗುವುದು ಮೈನಸ್. ಆದರೆ 1967ರ ಕೊನೆಯಲ್ಲಿ ಎರಡನೆಯ ಮಾದರಿ ಬರುವವರೆಗೂ ಎಂ.ಜಿ.ಬಿ.ಯಲ್ಲಿ ಬಾಡಿಗೆ ಹೋಗುತ್ತಿದ್ದದ್ದು ಪ್ಲಸ್. ಹಲವರು ಆಮೇಲೆ ಅದನ್ನು ಬದಲಾಯಿಸಿಕೊಂಡಿದ್ದಾರೆ. ಆದ್ದರಿಂದ ಕಾರಿನ ವರ್ಷವನ್ನು ನಂಬದೆ ಕಣ್ಣಾರೆ ನೋಡಬೇಕು. ಹಳೆಯ ಡಬ್ಬಿಗೆ ಇದರ ಗೊಡವೆಯೇ ಇರಲಿಲ್ಲ, ಕರೆಂಟ್ ಯಾವ ಕಡೆಯಿಂದ ಹರಿದರೂ ತಂತಿ ಕಾಯುತ್ತದೆ. ಎಲೆಕ್ಟ್ರಾನಿಕ್ ಭಾಗ ಹಾಗಲ್ಲ. ಉಲ್ಟಾ ಕೊಟ್ಟರೆ ಹೆಚ್ಚಿನವು ಕ್ಷಣಾರ್ಧದಲ್ಲಿ ಸುಟ್ಟುಹೋಗುತ್ತವೆ.

ಮೈನಸ್ ಅರ್ತ್ ಕಾರಿಗೆ ಬೇಕಾದದ್ದು 7810 ಎಂಬ ಮೂರು ಕಾಲಿನ ರೆಗ್ಯುಲೇಟರ್. ಅಕ್ಷರ ಬರೆದ ಮುಖ ನಿಮ್ಮ ಕಡೆಗಿದ್ದು ಕಾಲುಗಳು ಕೆಳಗಿದ್ದಾಗ ಎಡಗಾಲು ಒಳಬರುವ ಕಡೆ, ನಡುವಿನದು ಅರ್ತ್, ಬಲಗಾಲು ಹೊರಹೋಗುವ 10 ವೋಲ್ಟ್. ಬೆನ್ನಿನ ಲೋಹದ ತಗಡು ನಡುಗಾಲಿನ ಜೊತೆ ಕೂಡಿದೆ. ಅದನ್ನು ನೇರವಾಗಿ ಡಬ್ಬಿಗೆ ಸ್ಕ್ರೂ ಹಾಕಿ ಬಿಗಿದರೆ ಅರ್ತೂ ಸಿಕ್ಕಿತು, ಬಿಸಿ ಹೋಗುವ ದಾರಿಯೂ ಆಯಿತು. ಮುಳ್ಳು ಪೂರ್ತಿ ಮೇಲಿದ್ದಾಗಲೂ ಒಂದು ಮೀಟರ್ ಎಳೆಯುವುದು ಸುಮಾರು ಆಂಪಿಯರಿನ ಹತ್ತನೇ ಒಂದು ಭಾಗ. ಎರಡಕ್ಕೂ ಸೇರಿ, 14 ವೋಲ್ಟಿನಿಂದ 10ಕ್ಕೆ ಇಳಿಸುವಾಗ ರೆಗ್ಯುಲೇಟರಿನಲ್ಲಿ ಹುಟ್ಟುವ ಬಿಸಿ ಒಂದು ವಾಟ್‌ಗೂ ಕಡಿಮೆ. ತಗಡಿನ ಡಬ್ಬಿಗೆ ಅದೇನೂ ಹೊರೆಯಲ್ಲ.

ಒಳಬರುವ ಕಾಲಿಗೂ ಅರ್ತಿಗೂ ನಡುವೆ 0.33 ಮೈಕ್ರೋಫ್ಯಾರಡ್, ಹೊರಹೋಗುವ ಕಾಲಿಗೂ ಅರ್ತಿಗೂ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೇಕು. ಇವಿಲ್ಲದಿದ್ದರೆ ಹೊರಬರುವ ವೋಲ್ಟೇಜ್ ಒಳಗೊಳಗೇ ನಡುಗುವ ಸಾಧ್ಯತೆ ಇದೆ. 7810 ತಾಳಬಲ್ಲದ್ದು 35 ವೋಲ್ಟಿನವರೆಗೆ. ಆದರೆ ಓಡುವ ಎಂಜಿನ್ನಿನಲ್ಲಿ ಬ್ಯಾಟರಿಯ ಕೇಬಲ್ ಸಡಿಲವಾದರೆ ಆಲ್ಟರ್ನೇಟರ್ ಕ್ಷಣಮಾತ್ರ ಅದಕ್ಕಿಂತ ಎಷ್ಟೋ ಹೆಚ್ಚು ವೋಲ್ಟೇಜ್ ಎಸೆಯಬಲ್ಲದು. ಆದ್ದರಿಂದ ಒಳಬರುವ ಕಡೆ ಇಂಥ ಹೆಚ್ಚುವರಿ ವೋಲ್ಟೇಜನ್ನು ಅರ್ತಿಗೆ ಹರಿಸಿಬಿಡುವ 24 ವೋಲ್ಟಿನ ಟಿ.ವಿ.ಎಸ್. ಡಯೋಡ್ ಒಂದನ್ನು ಕಾವಲು ಹಾಕಿ.

7810ಕ್ಕೆ ಒಂದು ಮಿತಿಯೂ ಇದೆ. ತನ್ನ 10 ವೋಲ್ಟನ್ನು ಕಾಪಾಡಿಕೊಳ್ಳಲು ಅದಕ್ಕೆ ಒಳಗೆ ಸುಮಾರು 2 ವೋಲ್ಟ್ ಹೆಚ್ಚು ಬೇಕು. ಎಂಜಿನ್ ಓಡುವಾಗ ತೊಂದರೆಯಿಲ್ಲ. ಎಂಜಿನ್ ನಿಲ್ಲಿಸಿ ಬರೀ ಇಗ್ನಿಷನ್ ಹಾಕಿ, ಬ್ಯಾಟರಿಯೂ ಸೋತಿದ್ದರೆ ಮುಳ್ಳು ತುಸು ಕೆಳಗೆ ನಿಲ್ಲುತ್ತದೆ. ಇದು ಬೇಡವೆನ್ನುವವರು ಎಲ್.ಎಂ. 2940ರ 10 ವೋಲ್ಟಿನ ಬಗೆಯನ್ನು ಹುಡುಕಬೇಕು. ಕಾಲುಗಳ ಕ್ರಮ ಅದೇ, ಕಡಿಮೆ ವೋಲ್ಟೇಜಿನಲ್ಲೂ ಕೆಲಸ ಮಾಡುತ್ತದೆ, ಬ್ಯಾಟರಿ ಉಲ್ಟಾ ಆದರೂ ಉಳಿಯುತ್ತದೆ. ಆದರೆ ಹೊರಹೋಗುವ ಕಡೆ ಕನಿಷ್ಠ 22 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲೇಬೇಕು. ನನ್ನ ಆಯ್ಕೆ ಕೇಳಿದರೆ ಇದೇ.

ಪ್ಲಸ್ ಅರ್ತ್ ಕಾರಿಗೆ 7910 ಬೇಕು. ಇಲ್ಲಿ ಬಹಳ ಎಚ್ಚರ ಬೇಕು, ಏಕೆಂದರೆ ಕಾಲುಗಳ ಕ್ರಮವೇ ಬೇರೆ: ಎಡಗಾಲು ಅರ್ತ್, ನಡುಗಾಲು ಒಳಬರುವುದು, ಬಲಗಾಲು ಹೊರಹೋಗುವುದು. ಬೆನ್ನಿನ ತಗಡು ನಡುಗಾಲಿಗೆ, ಅಂದರೆ ಬ್ಯಾಟರಿಯಿಂದ ಬರುವ ಕಡೆಗೆ ಕೂಡಿದೆ. ಅಭ್ಯಾಸಬಲದಿಂದ ಅದನ್ನು ಡಬ್ಬಿಗೆ ನೇರ ಬಿಗಿದರೆ ಫ್ಯೂಸ್ ಹಾರುತ್ತದೆ. ಮೈಕಾ ಹಾಳೆ ಮತ್ತು ಪ್ಲಾಸ್ಟಿಕ್ ಬುಷ್ ಇಟ್ಟು ಬೇರ್ಪಡಿಸಿ, ಮಲ್ಟಿಮೀಟರಿನಲ್ಲಿ ತಗಡಿಗೂ ಡಬ್ಬಿಗೂ ಸಂಪರ್ಕವಿಲ್ಲವೆಂದು ಖಚಿತ ಮಾಡಿಕೊಳ್ಳಿ. ಬೆಸುಗೆ ಹಾಕಿ ಅಭ್ಯಾಸವಿಲ್ಲದವರು ಈ ಕಾರುಗಳಿಗೆ ಸಿದ್ಧ ಡಬ್ಬಿ ಕೊಳ್ಳುವುದೇ ಕ್ಷೇಮ.

ಬಿಚ್ಚುವ ಕೆಲಸಕ್ಕೆ ಮೊದಲು ಬ್ಯಾಟರಿಯ ಅರ್ತ್ ಕೇಬಲ್ ತೆಗೆಯಿರಿ. ಡ್ಯಾಶ್‌ಬೋರ್ಡಿನ ಹಿಂದೆ ಕತ್ತಲು, ಇಕ್ಕಟ್ಟು, ಬೆರಳಿಗೆ ಸಿಗುವ ಎಲ್ಲ ವೈರೂ ಒಂದೇ ಥರ. ಸ್ಪ್ಯಾನರ್ ಜಾರಿದರೆ ಕಿಡಿ ಹಾರುವುದು ಅಲ್ಲಿಯೇ. ವೈರ್ ಕೀಳುವ ಮುನ್ನ ಮೊಬೈಲಿನಲ್ಲಿ ಫೋಟೋ ತೆಗೆದು, ಬಿ ಕಡೆಯ ವೈರುಗಳಿಗೆ ಟೇಪಿನ ತುಂಡು ಸುತ್ತಿ ಗುರುತಿಡಿ. ವೈರ್ ಹಿಡಿದು ಎಳೆಯಬೇಡಿ. ಹಳೆಯ ತಾಮ್ರ ಲಗ್ಗಿನ ಬುಡದಲ್ಲೇ ತುಂಡಾಗುತ್ತದೆ. ಲಗ್ಗನ್ನೇ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತ ತೆಗೆಯಿರಿ.

ಹಳೆಯ ಡಬ್ಬಿಯನ್ನೇ ಬಳಸುವುದಾದರೆ ಅದರ ಮಡಚಿದ ಅಂಚನ್ನು ಸಣ್ಣ ಇಕ್ಕಳದಿಂದ ಸುತ್ತಲೂ ಸ್ವಲ್ಪ ಸ್ವಲ್ಪವೇ ಬಿಡಿಸಿ. ಒಳಗಿನ ಪಟ್ಟಿ, ತಂತಿ, ಪಾಯಿಂಟ್ ಕತ್ತರಿಸಿ ತೆಗೆದು, ಬಿ ಮತ್ತು ಐ ರಿವೆಟ್‌ಗಳನ್ನು ಹಾಗೇ ಉಳಿಸಿ. ರಿವೆಟ್‌ನ ಒಳತಲೆಯನ್ನು ಎಮರಿ ಪೇಪರಿನಿಂದ ಹೊಳಪು ಬರುವವರೆಗೆ ಉಜ್ಜದಿದ್ದರೆ ಬೆಸುಗೆ ಹಿಡಿಯುವುದಿಲ್ಲ. ರೆಗ್ಯುಲೇಟರನ್ನು ಡಬ್ಬಿಗೆ ಬಿಗಿದು, ಕಾಲುಗಳಿಗೆ ಸ್ಲೀವ್ ತೊಡಿಸಿ ಬೆಸೆಯಿರಿ. ಮುಚ್ಚುವ ಮೊದಲು ಮೇಜಿನ ಮೇಲೇ 12 ವೋಲ್ಟಿಗಿಂತ ಹೆಚ್ಚಿನ ಸಪ್ಲೈ ಕೊಟ್ಟು, ಐ ತುದಿಗೆ 100 ಓಮ್, 2 ವಾಟಿನ ರೆಸಿಸ್ಟರ್ ಜೋಡಿಸಿ ಅಳೆಯಿರಿ. ಈಗ ಡಿಜಿಟಲ್ ಮೀಟರ್ ಅಲುಗಾಡದ 10 ತೋರಿಸಬೇಕು. ಹತ್ತರ ಹತ್ತಿರ, ಅತ್ತ ಇತ್ತ ಕಾಲು ವೋಲ್ಟ್ ಇದ್ದರೂ ಚಿಂತೆಯಿಲ್ಲ.

ಕಾರಿಗೆ ಕೂರಿಸುವಾಗ ಸ್ಕ್ರೂ ಕೂರುವ ಜಾಗದ ಬಣ್ಣ ಕೆರೆದು, ಹಲ್ಲಿನ ವಾಷರ್ ಇಟ್ಟು ಬಿಗಿಯಿರಿ. ಜೊತೆಗೊಂದು ಕಪ್ಪು ವೈರನ್ನು ಆ ಸ್ಕ್ರೂವಿನಿಂದ ನಂಬಿಕಸ್ಥ ಅರ್ತ್ ಜಾಗಕ್ಕೆ ಎಳೆದುಬಿಡಿ. ಎಲೆಕ್ಟ್ರಾನಿಕ್ ಆದ ಮಾತ್ರಕ್ಕೆ ಅರ್ತಿನ ಹಂಗು ತಪ್ಪುವುದಿಲ್ಲ. ಅರ್ತ್ ಬಿಟ್ಟರೆ ಇದೂ ಬ್ಯಾಟರಿ ವೋಲ್ಟೇಜಿನ ಬಹುಪಾಲನ್ನು ಮೀಟರಿಗೆ ದಾಟಿಸುತ್ತದೆ. ನೆಟ್ಟಗಿರಬೇಕೆಂಬ ನಿಯಮ ಮಾತ್ರ ಈಗಿಲ್ಲ. ಹೊಸದಾಗಿ ಕೂಡಿಸಿದ ಯು.ಎಸ್.ಬಿ. ಚಾರ್ಜರ್, ಗಡಿಯಾರ, ಮತ್ತೊಂದು ಮೀಟರ್ ಯಾವುದನ್ನೂ ಈ 10 ವೋಲ್ಟಿನ ವೈರಿಗೆ ಸೇರಿಸಬೇಡಿ.

ಬ್ಯಾಟರಿ ಜೋಡಿಸಿ, ಇಗ್ನಿಷನ್ ಹಾಕಿ, ಎರಡು ನಿಮಿಷ ಕಾಯಿರಿ. ಮುಳ್ಳು ಇನ್ನೂ ತಪ್ಪು ಎನಿಸಿದರೆ ವೋಲ್ಟೇಜ್ ಸರಿಯಿದೆ ಎಂದು ಈಗ ನಿಮಗೆ ಗೊತ್ತಿದೆ. ಉಳಿದದ್ದು ಫ್ಲೋಟ್, ಸೆನ್ಸರ್, ಅವುಗಳ ಅರ್ತ್. ಮೀಟರ್ ಪರೀಕ್ಷಿಸಲು ಟ್ಯಾಂಕಿನ ವೈರನ್ನು ಬಾಡಿಗೆ ತಾಗಿಸುವ ರೂಢಿ ಇದೆ. ಪೆಟ್ರೋಲ್ ಆವಿ ಇರುವ ಜಾಗ ಅದು. ಇಗ್ನಿಷನ್ ಆಫ್ ಇರುವಾಗಲೇ ವೈರ್ ಜೋಡಿಸಿ, ಆಮೇಲೆ ಕೀಲಿ ತಿರುಗಿಸಿ, ಮುಳ್ಳು ಮೇಲಿನ ಗುರುತು ಮುಟ್ಟಿದ ಕೂಡಲೇ ಕೀಲಿ ಆಫ್ ಮಾಡಿ, ನಂತರ ವೈರ್ ಬಿಡಿಸಿ. ಮೀಟರಿಗೆ ಬ್ಯಾಟರಿಯನ್ನು ನೇರವಾಗಿ ಕೊಟ್ಟು ನೋಡುವವರಿದ್ದಾರೆ. ಕೂದಲೆಳೆಯ ಆ ತಂತಿ ಒಮ್ಮೆ ಸುಟ್ಟರೆ ಮೀಟರೇ ಹೋಯಿತು.

ಸ್ಮಿತ್ಸ್ ಮೀಟರಿನ ಬೆನ್ನಿನಲ್ಲಿ ಕಾರ್ಕ್ ತುರುಕಿದ ಎರಡು ಸಣ್ಣ ತೂತುಗಳಿರುತ್ತವೆ. ಅವುಗಳ ಒಳಗೆ ಮುಳ್ಳಿನ ಖಾಲಿ ಮತ್ತು ಭರ್ತಿ ಗುರುತನ್ನು ಹೊಂದಿಸುವ ಹಲ್ಲುಗಳಿವೆ. 10 ವೋಲ್ಟ್ ಖಚಿತವಾಗುವ ಮೊದಲು ಅವನ್ನು ಮುಟ್ಟಿದರೆ ಎರಡು ತಪ್ಪುಗಳು ಒಂದರ ಮೇಲೊಂದು ಕೂರುತ್ತವೆ. ಖಚಿತವಾದ ಮೇಲೆ, ಖಾಲಿ ಟ್ಯಾಂಕಿಗೆ ಐದೈದು ಲೀಟರ್ ಅಳೆದು ಹಾಕುತ್ತ ಪ್ರತಿ ಸಲವೂ ಮುಳ್ಳು ಎಲ್ಲಿ ನಿಂತಿತು ಎಂದು ಬರೆದುಕೊಳ್ಳಿ. ಉದ್ದಕ್ಕೂ ಒಂದೇ ದಿಕ್ಕಿಗೆ ತಪ್ಪಿದ್ದರೆ ಮಾತ್ರ ಕಾರ್ಕ್ ತೆಗೆದು, ಮೊದಲು ಖಾಲಿ ಗುರುತನ್ನೂ ಆಮೇಲೆ ಭರ್ತಿ ಗುರುತನ್ನೂ ಕೂದಲೆಳೆಯಷ್ಟು ಸರಿಸಿ. ಒಂದನ್ನು ಸರಿಸಿದರೆ ಇನ್ನೊಂದೂ ಅಲುಗುತ್ತದೆ. ಆದ್ದರಿಂದ ಭರ್ತಿ ಗುರುತು ಸರಿಹೋದ ಮೇಲೆ ಮತ್ತೆ ಖಾಲಿ ಗುರುತಿಗೆ ಬಂದು, ಮುಳ್ಳು ತಣಿದು ನಿಲ್ಲುವವರೆಗೆ ಕಾದು, ಇನ್ನೊಮ್ಮೆ ನೋಡಬೇಕು.